ಸೋತವನಿಗೆ ಮೊದಲ ಸರದಿ

ಅಮೆರಿಕದ ಫುಟ್ಬಾಲ್ ಲೀಗ್ ಎನ್‌ಎಫ್‌ಎಲ್‌ನಲ್ಲಿ 1936ರಿಂದ ಒಂದು ಪದ್ಧತಿಯಿದೆ. ಕಾಲೇಜು ಆಟಗಾರರನ್ನು ಆರಿಸಿಕೊಳ್ಳುವಾಗ ಮೊದಲ ಸರದಿ ಕಟ್ಟಕಡೆಯ ತಂಡಕ್ಕೆ, ಚಾಂಪಿಯನ್ನರಿಗೆ ಕೊನೆಯದು. ಬಲ್ಲಿದನೇ ಬಾಳುವ ಕಾಲದಲ್ಲಿ ದುರ್ಬಲನಿಗೆ ಆದ್ಯತೆ ಕೊಡುವ ಈ ನಿಯಮವನ್ನು ನಾವು ಮೆಚ್ಚಲೇಬೇಕು.

ಆದರೆ ಇಲ್ಲಿ ಹಂಚಿಕೆಯಾಗುವುದು ಧಾನ್ಯವಲ್ಲ, ಮನುಷ್ಯರು. ಆಯ್ಕೆಯಾದ ಹುಡುಗ ಬೇರೆ ತಂಡದೊಡನೆ ಮಾತಾಡುವಂತಿಲ್ಲ. ಆಟಗಾರರ ಸಂಘ ಇದನ್ನು ಒಪ್ಪಿದೆ, ನಿಜ; ಆದರೆ ಆ ಹುಡುಗ ಆಗಿನ್ನೂ ಸಂಘದ ಸದಸ್ಯನೇ ಅಲ್ಲ. 2004ರಲ್ಲಿ ಈಲೈ ಮ್ಯಾನಿಂಗ್ ಸ್ಯಾನ್ ಡಿಯಾಗೋ ತಂಡವನ್ನು ಒಲ್ಲೆನೆಂದ. ಆದರೂ ಅವರು ಆರಿಸಿದರು. ಅಂದೇ ನ್ಯೂಯಾರ್ಕ್ ಜೈಂಟ್ಸ್‌ಗೆ ಬಿಟ್ಟುಕೊಟ್ಟರು. ಅವನ ತಂದೆ ಹೆಸರಾಂತ ಆಟಗಾರ. ಬಡವರ ಮನೆಯ ಹುಡುಗ ಹಾಗೆಂದರೆ ಕೇಳುವವರಾರು?

ಹಂಚುವವರ ನಡುವೆ ಎಷ್ಟೇ ಸಮಾನತೆಯಿರಲಿ, ಹಂಚಿಹೋಗುವವನನ್ನು ಒಂದು ಮಾತೂ ಕೇಳದ ನ್ಯಾಯವನ್ನು ನಾವು ಅರ್ಧ ನ್ಯಾಯವೆಂದೇ ಕರೆಯಬೇಕಾಗುತ್ತದೆ.