ಬೆಳೆಯುವ ಪಾದಕ್ಕೊಂದು ಬೂಟು



ಮಳೆ ಹಿಡಿದ ಮೊದಲ ವಾರ, ಭಾನುವಾರದ ಕನ್ನಡ ಬಲಿಪೂಜೆ ಮುಗಿದು ನಾವು ಯುವಸಂಘದವರು ಬೆಂಚುಗಳನ್ನು ಸರಿಪಡಿಸುತ್ತಿದ್ದಾಗ ನಮ್ಮ ಧರ್ಮಕೇಂದ್ರದ ಒಬ್ಬ ತಾಯಿ ಬಂದು ಕೇಳಿದರು: “ನೀವು ಓದಿದವರು, ಹೇಳಿ. ನಮ್ಮ ಹುಡುಗನಿಗೆ ನೀರು ಹೋಗದ ಬೂಟು ಯಾವುದು ತೆಗೆದುಕೊಳ್ಳಲಿ? ಜಾಸ್ತಿ ದುಡ್ಡಿಲ್ಲ.”

ಹುಡುಗನಿಗೆ ಹದಿಮೂರು ವರ್ಷ. ಧರ್ಮೋಪದೇಶ ತರಗತಿಯಲ್ಲಿ ಕಿಟಕಿ ಪಕ್ಕವೇ ಕೂರುವವನು. ಅವನಿಗೆ ಹಕ್ಕಿ ನೋಡುವ ಹುಚ್ಚು. ಮಳೆಗಾಲ ಬಂದರೆ ತೊರೆಯ ಬದಿಯಲ್ಲಿ ಮಲಬಾರ್ ವಿಸಿಲಿಂಗ್ ಥ್ರಶ್ ಎಂಬ ನೀಲಿಗಪ್ಪು ಹಕ್ಕಿ ಮನುಷ್ಯರಂತೆ ಸಿಳ್ಳೆ ಹಾಕುತ್ತದೆ. ಅದನ್ನು ಕೇಳಲು ನಮ್ಮ ಯುವಸಂಘದ ಅಣ್ಣಂದಿರ ಜೊತೆ ಭಾನುವಾರ ಮಧ್ಯಾಹ್ನ ಅವನೂ ಹೊರಡುತ್ತಾನೆ. ಆದರೆ ಗೂಡಲೂರಿನ ಕಡೆಯ ಮಳೆ ನಿಮಗೆ ಗೊತ್ತೇ ಇದೆ. ನಾವು ಜಿಗಣೆ ಎನ್ನುತ್ತೇವೆ, ತಮಿಳರು ಅಟ್ಟೈ ಎನ್ನುತ್ತಾರೆ, ಮಲಯಾಳಿಗಳು ಅಟ್ಟ ಎನ್ನುತ್ತಾರೆ. ಕಚ್ಚುವುದು ಮಾತ್ರ ಎಲ್ಲರಿಗೂ ಒಂದೇ.

ಪ್ರಶ್ನೆ ಸುಲಭವೆಂದುಕೊಂಡು ಆ ವಾರ ಪೇಟೆಗೆ ಹೋದೆವು. ಮರಳಿ ಬರುವಾಗ ಅದು ಬೂಟಿನ ಪ್ರಶ್ನೆಯಾಗಿ ಉಳಿದಿರಲಿಲ್ಲ.

ಮೊದಲು ಬೂಟಿನ ವಿಷಯವನ್ನೇ ಹೇಳಿಬಿಡುತ್ತೇವೆ, ಬೇರೆ ಮನೆಗಳಿಗೂ ಉಪಯೋಗವಾದೀತು. ಅಂಗಡಿಯಲ್ಲಿ ಎರಡು ಬಗೆ ಇದ್ದವು. ಒಂದು, ನಾಲ್ಕೈದು ಸಾವಿರದ ಟ್ರೆಕ್ಕಿಂಗ್ ಬೂಟು. ಅದರ ಒಳಗೆ ತೆಳುವಾದ ಪೊರೆ ಇರುತ್ತದೆ. ಪೊರೆಯ ರಂಧ್ರಗಳು ನೀರಿನ ಹನಿಗಿಂತ ತುಂಬಾ ಚಿಕ್ಕವು, ಆವಿಯ ಕಣಕ್ಕಿಂತ ದೊಡ್ಡವು. ಆದ್ದರಿಂದ ಹೊರಗಿನ ನೀರು ಒಳಗೆ ಬರುವುದಿಲ್ಲ, ಕಾಲಿನ ಬೆವರು ಆವಿಯಾಗಿ ಹೊರಗೆ ಹೋಗುತ್ತದೆ. ಆದರೆ ಹೊರಗಿನ ಗಾಳಿಯೇ ತೇವದಿಂದ ತುಂಬಿರುವಾಗ ಆವಿ ಹೊರಗೆ ಹೋಗುವುದು ನಿಧಾನವಾಗುತ್ತದೆ. ಬೂಟು ಕಣಕಾಲಿನವರೆಗೆ ಮಾತ್ರ ಇರುವುದರಿಂದ ಮೇಲಿನಿಂದ ನೀರು ಇಳಿಯುತ್ತದೆ, ಒಮ್ಮೆ ಒಳಗೆ ನೆನೆದರೆ ಒಣಗಲು ದಿನಗಳೇ ಬೇಕು. ಇನ್ನೊಂದು, ಮುನ್ನೂರು ನಾನೂರು ರೂಪಾಯಿಯ ಗಂಬೂಟು. ಒಂದೇ ಅಚ್ಚಿನಲ್ಲಿ ಎರಕ ಹೊಯ್ದದ್ದು, ಹೊಲಿಗೆಯೇ ಇಲ್ಲ. ಮೊಣಕಾಲಿನ ಹತ್ತಿರದವರೆಗೆ ಬರುತ್ತದೆ. ಕಾಲು ಬೆವರುವುದು ನಿಜ, ನುಣುಪಾದ ಬಂಡೆಯ ಮೇಲೆ ಜಾರುವುದೂ ನಿಜ. ಆದರೆ ನಮ್ಮ ಕೆಸರಿಗೆ, ನಮ್ಮ ಜಿಗಣೆಗೆ ಅದೇ ಸರಿ. ದುಬಾರಿಯದೆಲ್ಲ ನಮ್ಮ ಊರಿಗೆ ಒಳ್ಳೆಯದೆಂದಲ್ಲ.

ಅಳತೆಯ ಮಾತು. ಸಂಜೆಯ ಹೊತ್ತಿಗೆ ಕಾಲು ಸ್ವಲ್ಪ ಊದಿರುತ್ತದೆ, ಆಗಲೇ ಅಳೆಯಬೇಕು. ನಿಂತುಕೊಂಡು, ದಪ್ಪ ಕಾಲುಚೀಲ ಹಾಕಿಕೊಂಡು, ಎರಡೂ ಕಾಲುಗಳನ್ನು ಅಳೆದು ದೊಡ್ಡದರ ಲೆಕ್ಕ ಹಿಡಿಯಬೇಕು. ಬೆರಳಿನ ಮುಂದೆ ಒಂದು ಹೆಬ್ಬೆರಳಿನಷ್ಟು ಜಾಗ ಇರಲಿ. “ಬೆಳೆಯುವ ಹುಡುಗ, ಎರಡು ನಂಬರು ದೊಡ್ಡದೇ ಇರಲಿ” ಎಂದು ಕೊಂಡರೆ ಹಿಮ್ಮಡಿ ಜಾರಿ ಬೊಬ್ಬೆ ಬರುತ್ತದೆ, ಇಳಿಜಾರಿನಲ್ಲಿ ಎಡವುತ್ತಾನೆ. ಒಂದು ನಂಬರಿಗೂ ಮುಂದಿನದಕ್ಕೂ ಇರುವ ಅಂತರ ಸುಮಾರು 8.5 ಮಿಲಿಮೀಟರ್. ಈ ವಯಸ್ಸಿನಲ್ಲಿ ಎತ್ತರಕ್ಕಿಂತ ಮೊದಲು ಪಾದವೇ ಓಡುತ್ತದೆ. ಈ ಮಳೆಗಾಲದ ಬೂಟು ಮುಂದಿನ ಮಳೆಗಾಲಕ್ಕೆ ಬಾರದೆ ಹೋದರೆ ಆಶ್ಚರ್ಯವಿಲ್ಲ.

ಇಂಗ್ಲಿಷ್ ಕಾದಂಬರಿಕಾರ ಟೆರ್ರಿ ಪ್ರಾಚೆಟ್ 1993ರ ತಮ್ಮ ಒಂದು ಕಾದಂಬರಿಯಲ್ಲಿ ಬೂಟಿನದೇ ಒಂದು ಲೆಕ್ಕ ಹೇಳುತ್ತಾರೆ. ಹಣವಿದ್ದವನು ಒಮ್ಮೆ ದುಬಾರಿ ಬೂಟು ಕೊಂಡು ಹತ್ತು ವರ್ಷ ನಡೆಯುತ್ತಾನೆ. ಬಡವನು ಅಗ್ಗದ ಬೂಟನ್ನು ಮತ್ತೆ ಮತ್ತೆ ಕೊಳ್ಳುತ್ತ ಅದರ ದುಪ್ಪಟ್ಟು ಖರ್ಚು ಮಾಡುತ್ತಾನೆ, ಆದರೂ ಕಾಲು ಒದ್ದೆ. ದೊಡ್ಡವರ ಮಟ್ಟಿಗೆ ಈ ಮಾತು ನಿಜ. ಬೆಳೆಯುವ ಮಗುವಿನ ಮಟ್ಟಿಗೆ ಅಲ್ಲ. ಬೂಟು ಹತ್ತು ವರ್ಷ ಬಾಳಿದರೂ ಪಾದ ಅದರಲ್ಲಿ ಒಂದು ವರ್ಷವೂ ಇರುವುದಿಲ್ಲ.

ಇಷ್ಟೆಲ್ಲ ತಿಳಿದುಕೊಂಡು ಆ ತಾಯಿಯ ಮನೆಗೆ ಹೋಗಿ ಗಂಬೂಟೇ ಸಾಕು ಎಂದೆವು. ಅವರಿಗೆ ಸಂತೋಷವಾಯಿತು. “ಹಾಗಾದರೆ ಅವನಿಗೆ ತೆಗೆದುಬಿಡುತ್ತೇನೆ. ಅವನ ಕಾಲು ಬೆಳೆದ ಮೇಲೆ ಮುಂದಿನ ವರ್ಷ ನನಗಾಗುತ್ತದೆ, ನನ್ನದೂ ಐದೇ ನಂಬರು” ಎಂದರು.

ಆಗ ನಾವು ಬಾಗಿಲ ಬಳಿ ಕಣ್ಣು ಹಾಯಿಸಿದೆವು. ಅವರ ಹವಾಯಿ ಚಪ್ಪಲಿ ಅಲ್ಲಿತ್ತು. ವಾರಕ್ಕೆ ಆರು ದಿನ ಆ ತಾಯಿ ಸಣ್ಣ ಬೆಳೆಗಾರರ ಚಹಾ ತೋಟಗಳಲ್ಲಿ ಕೂಲಿಗೆ ಎಲೆ ಕೀಳುತ್ತಾರೆ, ಆ ಚಪ್ಪಲಿಯಲ್ಲೇ. ಮಗನ ಭಾನುವಾರದ ಹವ್ಯಾಸಕ್ಕೆ ಬೂಟು, ತಾಯಿಯ ಆರು ದಿನದ ದುಡಿಮೆಗೆ ಚಪ್ಪಲಿ. ನಾವು ಏನು ಹೇಳಬೇಕಿತ್ತು?

ಹವ್ಯಾಸ ಬೇಡ, ಮೊದಲು ಅವಶ್ಯಕತೆ ನೋಡಿ ಎನ್ನಬಹುದಿತ್ತು. ನಮ್ಮಲ್ಲಿ ಒಬ್ಬರು ಹಾಗೆಯೇ ಅಂದರು. ಆದರೆ ಆ ಮಾತನ್ನು ಸ್ವಲ್ಪ ಮುಂದಕ್ಕೆ ಎಳೆದು ನೋಡಿದೆವು. ಬಡವರ ಮಕ್ಕಳಿಗೆ ಅನ್ನ, ಬಟ್ಟೆ, ಪುಸ್ತಕ ಸಾಕು, ಹಕ್ಕಿಯ ಹಾಡು ಕೇಳುವ ಸುಖ ಇದ್ದವರ ಮಕ್ಕಳಿಗೆ ಎಂದಾಯಿತು. ದೇವರ ಸೃಷ್ಟಿಯನ್ನು ಬೆರಗಿನಿಂದ ನೋಡುವುದಕ್ಕೂ ಆದಾಯದ ಪ್ರಮಾಣಪತ್ರ ಬೇಕೇ? ಆ ತಾಯಿ ಇದನ್ನು ನಮಗಿಂತ ಚೆನ್ನಾಗಿ ಬಲ್ಲರು. ಮಗನ ಸಂತೋಷವನ್ನು ಅವರು ಎಂದೂ ದಂಡದ ಖರ್ಚು ಅಂದುಕೊಂಡಿರಲಿಲ್ಲ.

ಹಾಗಾದರೆ ತಾಯಿಯ ತ್ಯಾಗ ದೊಡ್ಡದು ಎಂದು ಹೊಗಳಿ ಸುಮ್ಮನಾಗಬಹುದಿತ್ತು. ನಾವು ಸಾಮಾನ್ಯವಾಗಿ ಮಾಡುವುದು ಅದನ್ನೇ. ತಾಯಂದಿರ ತ್ಯಾಗವನ್ನು ಹೊಗಳುವುದಕ್ಕೆ ನಮಗೆ ಖರ್ಚಿಲ್ಲ. ಹೊಗಳಿದ ಮೇಲೂ ಅವರ ಕಾಲು ಒದ್ದೆಯಾಗಿಯೇ ಇರುತ್ತದೆ. ಯಾರಿಗೂ ಗೊತ್ತಾಗದ ತ್ಯಾಗದಲ್ಲಿ ಇನ್ನೊಂದು ತೊಡಕಿದೆ. ಯಾರಿಗಾಗಿ ಮಾಡಿದರೋ ಅವನಿಗೆ ಪ್ರೀತಿಸುವ ಅವಕಾಶವೇ ಸಿಗುವುದಿಲ್ಲ. ಮನೆಯ ಕಷ್ಟ ಮಕ್ಕಳಿಗೆ ತಿಳಿಯಬಾರದು ಎನ್ನುತ್ತೇವೆ. ಹದಿಮೂರರ ಹುಡುಗನಿಗೆ ತಾಯಿಯ ಕಾಲಿನ ಸತ್ಯ ಹೇಳುವುದು ಹೊರೆ ಹೊರಿಸಿದಂತಲ್ಲ, ಅವನನ್ನು ಮನೆಯ ದೊಡ್ಡವನೆಂದು ಒಪ್ಪಿಕೊಂಡಂತೆ.

ಹುಡುಗ ಅಲ್ಲೇ ಕೂತು ಎಲ್ಲ ಕೇಳಿಸಿಕೊಳ್ಳುತ್ತಿದ್ದ. ನಾವು ಇಷ್ಟು ಯೋಚಿಸಿಯೂ ಕಾಣದ್ದನ್ನು ಅವನು ಒಂದೇ ಮಾತಿನಲ್ಲಿ ಹೇಳಿದ: “ಅಮ್ಮಾ, ಇಬ್ಬರಿಗೂ ಐದೇ ನಂಬರು ಅಲ್ವಾ? ಬೂಟು ನಿನಗೇ ತಗೋ. ಭಾನುವಾರ ನೀನು ತೋಟಕ್ಕೆ ಹೋಗಲ್ಲವಲ್ಲ.”

ಹಾಗೆಯೇ ಆಯಿತು. ಶನಿವಾರ ಸಂಜೆ ಬೂಟನ್ನು ತೊಳೆದು, ಒಳಗೆ ಹಳೆಯ ಪತ್ರಿಕೆಯ ಹಾಳೆ ತುರುಕಿ ಒಣಗಿಸುವುದು ಈಗ ಅವನ ಕೆಲಸ. ಒಲೆಯ ಬಳಿ ಇಡಬಾರದು, ಬಿಸಿಗೆ ಬಿರುಕು ಬರುತ್ತದೆ ಎಂದಷ್ಟೇ ನಾವು ಹೇಳಿಕೊಟ್ಟೆವು.

ಕ್ರಿಸ್ತಶಕ ನಾಲ್ಕನೇ ಶತಮಾನದಲ್ಲಿ ಸೆಸರೇಯದ ಧರ್ಮಾಧ್ಯಕ್ಷರಾಗಿದ್ದ ಸಂತ ಬೆಸಿಲರು, ಕಣಜ ಕೆಡವಿ ದೊಡ್ಡದು ಕಟ್ಟಹೊರಟ ಧನಿಕನ ಸಾಮತಿಯ ಮೇಲೆ ಪ್ರಬೋಧನೆ ಮಾಡಿದರು. ಮನೆಯಲ್ಲಿ ಸುಮ್ಮನೆ ಬಿದ್ದು ಹಾಳಾಗುವ ಪಾದರಕ್ಷೆ ಬರಿಗಾಲಿನವನಿಗೆ ಸೇರಿದ್ದು ಎಂಬುದು ಅದರಲ್ಲಿನ ಒಂದು ವಿಚಾರ. ಮೊದಲು ಓದಿದಾಗ ಇದು ಶ್ರೀಮಂತರಿಗೆ ಹೇಳಿದ ಮಾತು ಎಂದುಕೊಂಡಿದ್ದೆವು. ಈಗ ನಮ್ಮ ನಮ್ಮ ಮನೆಯ ಅಟ್ಟ ನೆನಪಾಗುತ್ತದೆ. ಮೂರು ನಂಬರು, ನಾಲ್ಕು ನಂಬರು, ಮಕ್ಕಳು ಬೆಳೆದು ಬಿಟ್ಟ ಬೂಟುಗಳು ಎಷ್ಟು ಮನೆಗಳಲ್ಲಿಲ್ಲ? ಬೆಳೆಯುವ ಪಾದಕ್ಕೆ ಯಾವ ಬೂಟೂ ಸ್ವಂತವಲ್ಲ, ಒಂದು ಮಳೆಗಾಲದ ಸಾಲ ಅಷ್ಟೇ. ಚರ್ಮದ ಬೂಟು ಹಾಕಿದವನ ಕಾಲಿನ ಆಕಾರಕ್ಕೆ ಬಗ್ಗಿಬಿಡುತ್ತದೆ, ಇನ್ನೊಬ್ಬರಿಗೆ ಅಷ್ಟಾಗಿ ಒಗ್ಗುವುದಿಲ್ಲ. ಗಂಬೂಟು ಹಾಗಲ್ಲ. ಸೋಪಿನಲ್ಲಿ ತೊಳೆದು, ಪೂರ್ತಿ ಒಣಗಿಸಿ, ಒಳಗಿನ ಅಟ್ಟೆಯನ್ನು ಬದಲಿಸಿದರೆ ಇನ್ನೊಂದು ಮನೆಗೆ ಸಿದ್ಧ. ಅಗ್ಗದ ಬೂಟಿಗೆ ಈ ಒಂದು ಹೆಚ್ಚುಗಾರಿಕೆ ಇದೆ.

ಆದ್ದರಿಂದ ಜ್ಞಾನೋಪದೇಶದ ಕೋಣೆಯಲ್ಲಿ ಒಂದು ಬೂಟಿನ ಕಪಾಟು ಇಡಲು ನಿರ್ಧರಿಸಿದ್ದೇವೆ. ಇದು ಬಡವರ ಕಪಾಟು ಅಲ್ಲ. ಹಾಗೆ ಹೆಸರಿಟ್ಟರೆ ಯಾರೂ ಮುಟ್ಟುವುದಿಲ್ಲ, ಮುಟ್ಟಲೂಬಾರದು. ಎಲ್ಲ ಮನೆಯ ಮಕ್ಕಳ ಕಾಲೂ ಬೆಳೆಯುತ್ತದೆ. ಎಲ್ಲರೂ ಇಡಲಿ, ಎಲ್ಲರೂ ಒಯ್ಯಲಿ. ತಮಿಳು ಮತ್ತು ಮಲಯಾಳಂ ಬಲಿಪೂಜೆಯವರಿಗೂ ಹೇಳಿದ್ದೇವೆ. ಬೂಟಿನ ನಂಬರು ಮೂರೂ ಭಾಷೆಯವರಿಗೆ ಒಂದೇ.

ಒಂದು ಎಚ್ಚರಿಕೆಯ ಮಾತನ್ನು ಸೇರಿಸದಿದ್ದರೆ ತಪ್ಪಾಗುತ್ತದೆ. ಕಪಾಟು ತುಂಬಿತೆಂದು ನಮ್ಮ ಮನಸ್ಸಾಕ್ಷಿ ಮಲಗಬಾರದು. ತೋಟದ ಕೆಲಸಗಾರರನ್ನು ಮಳೆ ಚಳಿಯಿಂದ ಕಾಪಾಡುವ ಸಾಮಗ್ರಿಯನ್ನು ಮಾಲೀಕರೇ ಒದಗಿಸುವಂತೆ ನಿಯಮ ಮಾಡಬಹುದೆಂದು 1951ರ ತೋಟ ಕಾರ್ಮಿಕರ ಕಾಯ್ದೆಯಲ್ಲೇ ಬರೆದಿತ್ತು. ಆದರೆ ಆ ಕಾಯ್ದೆ ನೋಡಿದ್ದು 5 ಹೆಕ್ಟೇರ್, 15 ಕೆಲಸಗಾರರಿಂದ ಮೇಲಿನ ತೋಟಗಳನ್ನು. ಸಣ್ಣ ತೋಟಗಳಿಗೆ ಕೂಲಿಗೆ ಹೋಗುವ ತಾಯಂದಿರು ಅದರ ಕೊಡೆಯ ಹೊರಗೇ ನಿಂತರು. ನಮ್ಮಲ್ಲೇ ಅರ್ಧ ಎಕರೆ, ಒಂದು ಎಕರೆ ಚಹಾ ಇರುವ ಕುಟುಂಬಗಳಿವೆ. ಎಲೆ ಕೀಳಲು ಬರುವವರ ಕಾಲಿನಲ್ಲಿ ಏನಿದೆ ಎಂದು ಈ ಮಳೆಗಾಲ ಒಮ್ಮೆ ನೋಡೋಣ. ಅವರಿಗೊಂದು ಜೊತೆ ಬೂಟು ಕೊಡಿಸುವುದು ದಾನವಲ್ಲ, ಕೂಲಿಯ ಜೊತೆಗೇ ಸಲ್ಲಬೇಕಾದದ್ದು.

ಮುಂದಿನ ಮಳೆಗಾಲಕ್ಕೆ ಆ ಹುಡುಗನಿಗೆ ಆರು ನಂಬರು ಬೇಕಾಗುತ್ತದೆ. ಯಾರ ಮನೆಯ ಅಟ್ಟದಲ್ಲಾದರೂ ಇದ್ದರೆ ತೊಳೆದು ತನ್ನಿ. ಐದು ನಂಬರಿನದು ಅವನ ಅಮ್ಮನ ಕಾಲಲ್ಲೇ ಇರುತ್ತದೆ.