ಶರಣರ ಬದುಕು ಮರಣದಲ್ಲಿ

'ಶರಣರ ಬದುಕನ್ನು ಮರಣದಲ್ಲಿ ನೋಡು' ಎನ್ನುತ್ತಾರೆ ನಮ್ಮ ಹಿರಿಯರು. ಕೊನೆಯ ಗಳಿಗೆ ಹೇಗಿತ್ತು ಎಂದಷ್ಟೇ ಇದಕ್ಕೆ ಅರ್ಥ ಹೇಳುವುದುಂಟು. ನನಗೆ ಅದು ಸಾಲದು. ಹೋದವರ ಹೆಸರಿನಲ್ಲಿ ಉಳಿದವರು ಹೇಗೆ ಬಾಳುತ್ತಾರೆ ಎಂಬುದೂ ಆ ಮರಣದ್ದೇ ಭಾಗ. ಅಥಣಿಯ ಮುರುಘೇಂದ್ರ ಶಿವಯೋಗಿಗಳು 1921ರಲ್ಲಿ ಲಿಂಗೈಕ್ಯರಾದರು. ಆದರೂ ಅವರ ಗಚ್ಚಿನಮಠಕ್ಕೆ ಬರುವ ಭಕ್ತರು ಕಡಿಮೆಯಾಗಲಿಲ್ಲ. ಕಾಗವಾಡದ ಬಸದಿಯ ನೆಲಮಾಳಿಗೆಯಲ್ಲಿ 1394ರ ಶಾಸನ ಜೈನರ ಯಾಪನೀಯ ಪಂಥದ ಮುನಿಗಳ ಹೆಸರನ್ನು ಕಾಪಾಡಿಕೊಂಡಿದೆ.

ಹಿರಿಯರ ಆ ಮಾತು ಅಕ್ಷರಶಃ ಸಲ್ಲುವುದು ಮೈಸೂರಿನ ಸಂತ ಫಿಲೋಮಿನಾ ಚರ್ಚಿನಲ್ಲಿ. ಫಿಲೋಮಿನಾಳ ಬದುಕು ಯಾರಿಗೂ ತಿಳಿಯದು, ತಿಳಿದಿರುವುದು ಗೋರಿಯೊಂದೇ. 1802ರಲ್ಲಿ ರೋಮಿನ ಪ್ರಿಸಿಲ್ಲಾ ಎಂಬ ನೆಲದಡಿಯ ಸ್ಮಶಾನದಲ್ಲಿ ಅದು ಸಿಕ್ಕಿತು. ಮುಚ್ಚಿದ್ದ ಮೂರು ಸುಟ್ಟ ಮಣ್ಣಿನ ಬಿಲ್ಲೆಗಳ ಮೇಲೆ ಹೆಸರು, ಲಂಗರು, ಬಾಣ, ತಾಳೆಗರಿ; ಒಳಗೆ ಎಳೆಯ ಹುಡುಗಿಯೊಬ್ಬಳ ಎಲುಬುಗಳು. ಇಷ್ಟರಿಂದಲೇ ಆಕೆ ರಕ್ತಸಾಕ್ಷಿ ಎಂದು ಲೋಕ ನಂಬಿತು.

ಆಕೆಯ ಪವಿತ್ರ ಅವಶೇಷವನ್ನು ಮೈಸೂರಿಗೆ ತರಿಸಿದವರು ಅರಮನೆಯ ಅಧಿಕಾರಿ ತಂಬುಚೆಟ್ಟಿ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1843ರಲ್ಲಿ, ಚರ್ಚು ಎದ್ದಿದ್ದ ಜಾಗದಲ್ಲೇ ನಾಲ್ವಡಿ ಕೃಷ್ಣರಾಜ ಒಡೆಯರು 1933ರ ಅಕ್ಟೋಬರ್ 28ರಂದು ಹೊಸದಕ್ಕೆ ಅಡಿಗಲ್ಲಿಟ್ಟರು. ದೇವರ ಕರುಣೆ, ಮನುಷ್ಯರ ಕೃತಜ್ಞತೆ ಈ ಎರಡರ ಮೇಲೆ ಇದು ಭದ್ರವಾಗಿ ನಿಲ್ಲುತ್ತದೆ ಎಂಬ ಅರ್ಥದ ಮಾತನ್ನು ಅಂದು ಆಡಿದರು. ಅನ್ಯಧರ್ಮದ ದೇಗುಲಕ್ಕೆ ಒಬ್ಬ ಅರಸ ಇದಕ್ಕಿಂತ ದೊಡ್ಡ ಹಾರೈಕೆ ಕೊಡಲಾರ.

ಕಟ್ಟಡದ ತಲವಿನ್ಯಾಸ ಶಿಲುಬೆಯಾಕಾರದ್ದು. ಎರಡು ಮೊನೆಗೋಪುರಗಳು ಸುಮಾರು 175 ಅಡಿ ಏರುತ್ತವೆ. ಜರ್ಮನಿಯ ಕಲೋನ್ ಚರ್ಚಿನ ಛಾಯೆ ಅಲ್ಲಿದೆ. ಎಲ್ಲರೂ ಚಿತ್ರ ತೆಗೆಯುವುದು ಆ ಗೋಪುರಗಳನ್ನೇ. ಆದರೆ ಕಟ್ಟಡದ ಜೀವ ಇರುವುದು ಬಲಿಪೀಠದ ಕೆಳಗಿನ ನೆಲಮಾಳಿಗೆಯಲ್ಲಿ, ಫಿಲೋಮಿನಾ ಮಲಗಿರುವ ಪ್ರತಿಮೆಯ ಬಳಿ. ಮೇಲೆ ಯೇಸುವಿನ ಮರಣವನ್ನು ನೆನೆಯುವ ಬಲಿಪೂಜೆ, ಕೆಳಗೆ ಅವನಿಗಾಗಿ ಸತ್ತವಳೆಂದು ಜನ ನಂಬಿದವಳ ನೆನಪು. ಸಂತಳನ್ನು ಪೂಜಿಸುವುದಿಲ್ಲ, ನಮಗಾಗಿ ದೇವರಲ್ಲಿ ಬೇಡಿಕೊ ಎಂದು ಕೇಳಿಕೊಳ್ಳುತ್ತಾರೆ. ಆಕೆಯ ಬಳಿ ಹೋಗಲು ಭಕ್ತ ತಲೆಬಾಗಿ ಇಳಿಯಬೇಕು. ಮೇಲೆ ದೇವರು, ಕೆಳಗೆ ಸಂತಳು ಎಂಬ ಈ ಕ್ರಮವನ್ನು ಕಟ್ಟಿದವರು ಕಲ್ಲಿನಲ್ಲೇ ಹೇಳಿಟ್ಟಿದ್ದಾರೆ.

1961ರಲ್ಲಿ ರೋಮ್ ಎಲ್ಲ ಪೂಜಾ ಪಂಚಾಂಗಗಳಿಂದ ಫಿಲೋಮಿನಾಳ ಹಬ್ಬವನ್ನು ಕೈಬಿಡಲು ಹೇಳಿತು. ಚರಿತ್ರೆಯ ಆಧಾರ ಸಾಲದೆಂಬ ಆ ನಿರ್ಧಾರ ಪ್ರಾಮಾಣಿಕವಾದದ್ದೇ. ಮೈಸೂರಿನ ಜನ ಮಾತ್ರ ಆ ಹೆಸರನ್ನು ಬಿಟ್ಟುಕೊಡಲಿಲ್ಲ. ಕ್ರೈಸ್ತರಲ್ಲದವರೂ ಬಂದು ಮೇಣದಬತ್ತಿ ಹಚ್ಚಿ, ಮನೆಯ ಕಷ್ಟಗಳನ್ನು ಆಕೆಯ ಮುಂದೆ ಹೇಳಿಕೊಳ್ಳುತ್ತಾರೆ.