ಬಳಸದೆ ಉಳಿದ ರೇಷ್ಮೆ

ಇಂಗ್ಲೆಂಡಿನ ಡರ್ಬಿಷೈರ್ ಪ್ರಾಂತದ ಕಾಲ್ಕ್ ಆಬಿ ಎಂಬ ಮಹಾಸೌಧವು 1622ರಿಂದ ಹಾರ್ಪರ್ ಮನೆತನದ ಸ್ವತ್ತಾಗಿತ್ತು. ಏಕಾಂತಪ್ರಿಯರಾದ ಆ ಜನ ಯಾವುದನ್ನೂ ಬಿಸುಡುತ್ತಿರಲಿಲ್ಲ. 1981ರಲ್ಲಿ ಯಜಮಾನರು ತೀರಿಕೊಂಡಾಗ ಸುಮಾರು 80 ಲಕ್ಷ ಪೌಂಡುಗಳ ತೆರಿಗೆ ಎದುರಾಗಿ, 1985ರಲ್ಲಿ ಮನೆಯು ನ್ಯಾಷನಲ್ ಟ್ರಸ್ಟಿನ ವಶವಾಯಿತು. ಆಗ ಪೆಟ್ಟಿಗೆಗಳಲ್ಲಿ ಮಂಚವೊಂದರ ಚೀನೀ ರೇಷ್ಮೆಯ ತೆರೆಗಳು ದೊರೆತವು. 1734ರಲ್ಲಿ ರಾಜಕುಮಾರಿ ಆ್ಯನ್ ತನ್ನ ಮದುವೆಯ ಸಖಿಗೆ, ಎಂದರೆ ಅದೇ ವರ್ಷ ಈ ಮನೆಯ ಸೊಸೆಯಾದವಳಿಗೆ, ಕೊಟ್ಟ ಉಡುಗೊರೆಯದೆಂದು ನಂಬಿಕೆ.

ಅನುಭವಿಸದೆ ಕೂಡಿಟ್ಟದ್ದು ಲೋಭವಲ್ಲವೇ ಎಂದು ನೀವು ಕೇಳಬಹುದು. ಆದರೆ ಬೆಳಕು ಸೋಕದುದರಿಂದಲೇ ಆ ಬಣ್ಣ ಮಾಸಿಲ್ಲ. ಇಂದು ಅದನ್ನು ಕಂಡು ಬೆರಗಾಗುವವರು ಆ ಮನೆಗೆ ನೆಂಟರಲ್ಲದ ಸಾಮಾನ್ಯ ಜನ. ಕೂಡಿಟ್ಟವರಿಗೆ ಈ ಫಲದ ಎಣಿಕೆಯೇ ಇರಲಿಲ್ಲ. ಎಣಿಸದೆ ಒದಗಿದ ಉಪಕಾರಕ್ಕೆ ಪುಣ್ಯವುಂಟೇ? ನನ್ನ ತರ್ಕ ಇಲ್ಲವೆನ್ನುತ್ತದೆ. ಆದರೂ ಅವರನ್ನು ಲೋಭಿಗಳೆನ್ನಲು ನಾಲಿಗೆ ಏಳದು.